ಶುಗರ್ ಗ್ಲೈಡರ್‌ಗೆ ಹಣ್ಣು ತರಕಾರಿ: ನಮ್ಮ ಕಾಸರಗೋಡಿನ ಹಿತ್ತಿಲಿನಿಂದ ಏನು ಕೊಡಬಹುದು, ಎಷ್ಟು ಕೊಡಬಹುದು

ಶುಗರ್ ಗ್ಲೈಡರ್ ಜೋಡಿಯನ್ನು ಕೈಗೆ ಕೊಡುವಾಗ ಅಂಗಡಿಯವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ. ಇದು ಹಣ್ಣು ತಿನ್ನುವ ಪ್ರಾಣಿ, ಬಾಳೆಹಣ್ಣು, ಸೇಬು, ಮಕ್ಕಳಿಗೆ ಕೊಡುವ ಪ್ಯಾಕೆಟ್ ಹಿಟ್ಟು ಇಷ್ಟಿದ್ದರೆ ಸಾಕು ಅಂತ. ಇದನ್ನು ಮೊದಲು ಮರೆತುಬಿಡಿ. ಹೀಗೆ ತಿಂದು ಬೆಳೆದ ಗ್ಲೈಡರ್ ಕೆಲವು ತಿಂಗಳು ಚೆನ್ನಾಗಿಯೇ ಹಾರಾಡಿಕೊಂಡಿರುತ್ತದೆ, ಆಮೇಲೆ ಒಂದು ದಿನ ಹಿಂಗಾಲು ಎಳೆಯಲು ಶುರು ಮಾಡುತ್ತದೆ. ಎಲ್ಲೋ ಬಿದ್ದು ಪೆಟ್ಟಾಗಿರಬೇಕು ಅಂದುಕೊಳ್ಳುತ್ತಾರೆ ಮನೆಯವರು. ಹೆಚ್ಚಿನ ಸಲ ಅದು ಪೆಟ್ಟಲ್ಲ. ಊಟದಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸಾಲದೆ ದೇಹ ಅದನ್ನು ಮೂಳೆಯಿಂದಲೇ ತೆಗೆದುಕೊಂಡಿರುತ್ತದೆ.

ಹಾಗಾಗಿ ಗ್ಲೈಡರ್‌ಗೆ ಯಾವ ಹಣ್ಣು ಇಷ್ಟ ಅನ್ನುವ ಚರ್ಚೆ ಇಲ್ಲಿಲ್ಲ. ಸಿಹಿ ಇದ್ದರೆ ಅದಕ್ಕೆ ಎಲ್ಲವೂ ಇಷ್ಟವೇ. ತಟ್ಟೆಗೆ ಏನು ಬೀಳಬೇಕು ಅನ್ನುವುದನ್ನು ನೀವು ಕ್ಯಾಲ್ಸಿಯಂ ನೋಡಿ ತೀರ್ಮಾನ ಮಾಡಬೇಕು, ಅದರ ಬಾಯಿ ಚಪಲ ನೋಡಿ ಅಲ್ಲ.

ಮೊದಲು ಪ್ರಾಣಿ ಯಾವುದು ಅಂತ ತಿಳಿಯಿರಿ

ನೋಡಲು ಅಳಿಲಿನ ಹಾಗೆ ಉಂಟು, ಆದರೆ ಅಳಿಲಲ್ಲ. ಕಾಂಗರೂ ಹಾಗೆ ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಜಾತಿ. ಮೂಲ ಊರು ಆಸ್ಟ್ರೇಲಿಯಾ ಮತ್ತು ನ್ಯೂಗಿನಿ. ದೊಡ್ಡದಾದರೂ ತೂಕ ಸುಮಾರು 80ರಿಂದ 160 ಗ್ರಾಂ ಒಳಗೆ, ಗಂಡು ಸ್ವಲ್ಪ ಭಾರ. ಹಗಲೆಲ್ಲ ಮಲಗಿ ರಾತ್ರಿ ಏಳುತ್ತದೆ. ಒಂಟಿಯಾಗಿ ಸಾಕುವ ಪ್ರಾಣಿಯಲ್ಲ, ಕನಿಷ್ಠ ಜೋಡಿ ಬೇಕು. ಸರಿಯಾಗಿ ನೋಡಿಕೊಂಡರೆ 10-12 ವರ್ಷ ಬದುಕುತ್ತದೆ, ಅಂದರೆ ಈಗ ಎಂಟನೇ ಕ್ಲಾಸಿನಲ್ಲಿರುವ ಮಗನಿಗೆ ತಂದುಕೊಟ್ಟರೆ ಅವನು ಓದು ಮುಗಿಸಿ ಗಲ್ಫಿಗೆ ಹೋದ ಮೇಲೂ ಅದು ನಿಮ್ಮ ಮನೆಯಲ್ಲೇ ಇರುತ್ತದೆ, ರಾತ್ರಿ ತಟ್ಟೆ ಇಡುವವರು ನೀವೇ.

ನಮ್ಮ ಕಾಡಿನ ಹಾರುವ ಅಳಿಲಿಗೂ ಇದಕ್ಕೂ ಸಂಬಂಧವಿಲ್ಲ. ಆ ಅಳಿಲು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವ ಕಾಡುಪ್ರಾಣಿ. ಮರದಿಂದ ಬಿದ್ದ ಮರಿ ಸಿಕ್ಕಿತು, ಗ್ಲೈಡರ್ ಜೊತೆ ಸಾಕೋಣ ಅನ್ನುವ ಯೋಚನೆ ಬೇಡ. ಅರಣ್ಯ ಇಲಾಖೆಗೆ ಫೋನ್ ಮಾಡಿ.

ಊಟದ ವಿಷಯಕ್ಕೆ ಬರೋಣ. ಕಾಡಿನಲ್ಲಿ ಗ್ಲೈಡರ್ ತಿನ್ನುವುದು ಮುಖ್ಯವಾಗಿ ಮರದ ಅಂಟು, ನೀಲಗಿರಿ ಜಾತಿಯ ಮರಗಳ ರಸ, ಹೂವಿನ ಮಕರಂದ, ಪರಾಗ. ಇದರ ಜೊತೆಗೆ ಹುಳ, ಜೇಡ, ಚಿಟ್ಟೆ. ಕೆಳಗಿನ ಉದ್ದ ಹಲ್ಲಿನಿಂದ ತೊಗಟೆ ಗೀರಿ ರಸ ನೆಕ್ಕುತ್ತದೆ. ಆ ಅಂಟನ್ನು ಕರಗಿಸಿಕೊಳ್ಳಲೆಂದೇ ಅದರ ಹೊಟ್ಟೆಯಲ್ಲಿ ಕರುಳಿನ ಒಂದು ದೊಡ್ಡ ಚೀಲವೂ ಉಂಟು. ತಮಾಷೆ ಏನೆಂದರೆ, ಅದು ಅಲ್ಲಿ ಅಂಟು ನೆಕ್ಕುವ ಮರಗಳ ಬಳಗದ್ದೇ ಒಂದು ಮರ ನಮ್ಮ ಗುಡ್ಡೆಗಳಲ್ಲೆಲ್ಲ ನಿಂತಿದೆ. ಕೆಂಪು ಕಲ್ಲಿನ ಬೋಳು ಗುಡ್ಡೆಯಲ್ಲಿ ಸರಕಾರ ನೆಟ್ಟ ಅಕೇಶಿಯಾ ಬಂದದ್ದು ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯಿಂದಲೇ. ಹಾಗಂತ ಅಂಟು ಕೆತ್ತಿ ತರಲು ಹೋಗಬೇಡಿ. ಅಕೇಶಿಯಾದಲ್ಲಿ ನೂರಾರು ಜಾತಿ, ಎಲ್ಲದರ ಅಂಟೂ ಒಂದೇ ಅಲ್ಲ.

ಈ ಪಟ್ಟಿಯಲ್ಲಿ ಪಪ್ಪಾಯಿ, ಮಾವು, ಬಾಳೆ ಎಲ್ಲಿ ಬಂತು? ಬರಲಿಲ್ಲ ಅಲ್ವಾ. ಸಾಕಿದ ಗ್ಲೈಡರ್‌ಗೆ ಹಣ್ಣು ತರಕಾರಿ ಕೊಡುವುದು ಮರದ ರಸ ನಮಗೆ ಸಿಗುವುದಿಲ್ಲ ಅನ್ನುವ ಕಾರಣಕ್ಕೆ, ಮತ್ತೆ ಸ್ವಲ್ಪ ನಾರು, ನೀರಿನಂಶ, ಬದಲಾವಣೆ ಸಿಗಲಿ ಅಂತ. ಊಟದ ಎಲೆಯಲ್ಲಿ ಅದು ಪಲ್ಯದ ಜಾಗ. ಅನ್ನದ ಜಾಗ ಅಲ್ಲ.

ತಟ್ಟೆಯಲ್ಲಿ ಎಷ್ಟು ಪಾಲು

ಒಂದು ಗ್ಲೈಡರ್ ದಿನಕ್ಕೆ ತನ್ನ ತೂಕದ 15-20 ಶೇಕಡಾದಷ್ಟು ತಿನ್ನುತ್ತದೆ. 100 ಗ್ರಾಂ ಪ್ರಾಣಿಗೆ ಒಟ್ಟು 15ರಿಂದ 20 ಗ್ರಾಂ, ಅಷ್ಟೇ. ಅಷ್ಟು ಚಿಕ್ಕ ಹೊಟ್ಟೆಯಲ್ಲಿ ಬಾಳೆಹಣ್ಣಿನ ನಾಲ್ಕು ತುಂಡು ಹೋಗಿ ಕೂತರೆ ಉಳಿದ ಯಾವುದಕ್ಕೂ ಜಾಗ ಇರುವುದಿಲ್ಲ.

ಮುಖ್ಯ ಊಟದ ವಿಷಯದಲ್ಲಿ ಎರಡು ದಾರಿ ಚಾಲ್ತಿಯಲ್ಲಿದೆ. ವೈದ್ಯರು ಹೇಳುವ ದಾರಿಯಲ್ಲಿ ಸುಮಾರು ಅರ್ಧ ಪಾಲು ಲೆಡ್‌ಬೀಟರ್ಸ್ ಅನ್ನುವ ಜೇನಿನ ಮಿಶ್ರಣ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಹುಳ ತಿನ್ನುವ ಪ್ರಾಣಿಗಳ ಸಿದ್ಧ ಆಹಾರ ಅಥವಾ ಹುಳ, ಮೊಟ್ಟೆ, ಮಾಂಸದಂಥ ಪ್ರೋಟೀನ್, ಮತ್ತೆ ಹಣ್ಣು ತರಕಾರಿ ಹತ್ತರಲ್ಲಿ ಒಂದು ಪಾಲಿನೊಳಗೆ, ಬರೀ ರುಚಿಗೆ. ಸಾಕುವವರು ಹೆಚ್ಚಾಗಿ ಹಿಡಿಯುವ ಇನ್ನೊಂದು ದಾರಿಯಲ್ಲಿ ವೊಂಬಾರೂ ಅನ್ನುವ ಆಸ್ಟ್ರೇಲಿಯಾದ ಕಂಪೆನಿಯ ಪ್ರೋಟೀನ್ ಪುಡಿಯಿಂದ ಮಾಡುವ ಮಿಶ್ರಣದಂಥದ್ದೇನಾದರೂ ಒಂದು ದೊಡ್ಡ ಚಮಚ, ಅದರ ಜೊತೆಗೆ ಪ್ರತಿ ಗ್ಲೈಡರ್‌ಗೆ ಒಂದು ದೊಡ್ಡ ಚಮಚ ಹಣ್ಣು, ಒಂದು ದೊಡ್ಡ ಚಮಚ ತರಕಾರಿ. ಎರಡರಲ್ಲಿ ಒಂದನ್ನು ಹಿಡಿದು ಅದರಲ್ಲೇ ನಿಲ್ಲಿ. ಅಲ್ಲಿಂದ ಸ್ವಲ್ಪ ಇಲ್ಲಿಂದ ಸ್ವಲ್ಪ ತೆಗೆದು ಸೇರಿಸಿದರೆ ಕ್ಯಾಲ್ಸಿಯಂ ಲೆಕ್ಕ ಪೂರ್ತಿ ಕೆಡುತ್ತದೆ, ಯಾಕೆಂದರೆ ಪ್ರತಿಯೊಂದು ಮಿಶ್ರಣವೂ ತನ್ನ ಜೊತೆಗಿನ ಹಣ್ಣು ತರಕಾರಿಯನ್ನು ಲೆಕ್ಕ ಹಾಕಿಕೊಂಡೇ ಮಾಡಿದ್ದು.

ಲೆಡ್‌ಬೀಟರ್ಸ್ ಮಿಶ್ರಣ ಮನೆಯಲ್ಲೇ ಮಾಡಬಹುದು. ಈ ಹೆಸರು ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿರುವ ಲೆಡ್‌ಬೀಟರ್ಸ್ ಪೊಸಮ್ ಅನ್ನುವ ಹತ್ತಿರದ ಬಳಗದ ಪ್ರಾಣಿಯಿಂದ ಬಂದದ್ದು. 150 ಮಿಲಿ ಬಿಸಿ ನೀರು, 150 ಮಿಲಿ ಜೇನು, ಸಿಪ್ಪೆ ತೆಗೆದ ಒಂದು ಬೇಯಿಸಿದ ಮೊಟ್ಟೆ, ಪ್ರೋಟೀನ್ ಹೆಚ್ಚಿರುವ ಮಕ್ಕಳ ಹಿಟ್ಟು 25 ಗ್ರಾಂ, ವಿಟಮಿನ್ ಮತ್ತು ಖನಿಜದ ಪುಡಿ ಒಂದು ಸಣ್ಣ ಚಮಚ. ನೀರು ಉಗುರುಬೆಚ್ಚಗಿಂತ ಸ್ವಲ್ಪ ಜಾಸ್ತಿ ಬಿಸಿ ಇದ್ದರೆ ಸಾಕು, ಜೇನನ್ನು ಅದರಲ್ಲಿ ಕರಗಿಸಿ. ಮೊಟ್ಟೆಯನ್ನು ಬೇರೆಯಾಗಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಜೇನುನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, ಆಮೇಲೆ ವಿಟಮಿನ್ ಪುಡಿ, ಕೊನೆಗೆ ಹಿಟ್ಟು. ಪ್ರತಿ ಸಲವೂ ಗಂಟಿಲ್ಲದ ಹಾಗೆ ತಿರುಗಿಸಬೇಕು. ಪ್ಯಾಕೆಟ್ ಹಿಟ್ಟು ಇಲ್ಲಿಯೂ ಬಂತಲ್ಲ ಅಂತ ಕೇಳಬಹುದು. ಬಂತು, ಆದರೆ ಮೊಟ್ಟೆ ಮತ್ತು ಖನಿಜದ ಪುಡಿಯ ಜೊತೆ ಬಂತು. ಅದೊಂದನ್ನೇ ಕಲಸಿ ಕೊಡುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಉಂಟು. ಜೇನು ಮಾತ್ರ ನಂಬಿಕೆ ಇರುವವರಿಂದ ತನ್ನಿ. ನಮ್ಮಲ್ಲಿ ತೋಟದಲ್ಲಿ ಪೆಟ್ಟಿಗೆ ಇಟ್ಟವರು ಬೇಕಾದಷ್ಟು ಜನ ಇದ್ದಾರೆ, ಸಕ್ಕರೆ ಪಾಕ ಬೆರೆಸಿದ ಬಾಟಲಿ ಯಾಕೆ ಕೊಳ್ಳಬೇಕು?

ಈಗ ಕ್ಯಾಲ್ಸಿಯಂ ಲೆಕ್ಕ

ಇದೇ ಈ ಬರಹದ ಮುಖ್ಯ ಭಾಗ, ಸ್ವಲ್ಪ ನಿಧಾನಕ್ಕೆ ಓದಿ.

ಊಟದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಎರಡೂ ಇರುತ್ತದೆ. ರಂಜಕ ಅಂದರೆ ಫಾಸ್ಫರಸ್. ಗ್ಲೈಡರ್‌ಗೆ ಕ್ಯಾಲ್ಸಿಯಂ ರಂಜಕದ ಸುಮಾರು ಎರಡು ಪಾಲು ಇರಬೇಕು, ಒಂದೂವರೆ ಪಾಲಿಗಿಂತ ಕೆಳಗೆ ಹೋಗಬಾರದು. ರಂಜಕ ಹೆಚ್ಚಾದರೆ ರಕ್ತದಲ್ಲಿನ ಕ್ಯಾಲ್ಸಿಯಂ ಮಟ್ಟ ತಪ್ಪುತ್ತದೆ. ಅದನ್ನು ಸರಿ ಮಾಡಲು ದೇಹ ಮೂಳೆಯನ್ನು ಕರಗಿಸಲು ಶುರು ಮಾಡುತ್ತದೆ. ಮೊದಲು ಕಾಲು ನಡುಗುತ್ತದೆ, ಮತ್ತೆ ಹಿಂಗಾಲು ಸೋಲುತ್ತದೆ, ಕೆಲವಕ್ಕೆ ಮೂಳೆ ತಾನಾಗಿಯೇ ಮುರಿಯುತ್ತದೆ, ಫಿಟ್ಸ್ ಕೂಡ ಬರಬಹುದು. ಬೇಗ ಗೊತ್ತಾದರೆ ಚಿಕಿತ್ಸೆ ಉಂಟು. ತಡವಾದರೆ ಕಷ್ಟ.

ಈ ಲೆಕ್ಕದಲ್ಲಿ ನಮ್ಮ ಹಿತ್ತಿಲಿನ ರಾಜ ಯಾರು ಗೊತ್ತಾ? ಬಪ್ಪಂಗಾಯಿ, ಅದೇ ಪಪ್ಪಾಯಿ. ಅಮೆರಿಕದ ಕೃಷಿ ಇಲಾಖೆಯ ಪೌಷ್ಟಿಕಾಂಶದ ಪಟ್ಟಿಯಲ್ಲಿ 100 ಗ್ರಾಂ ಪಪ್ಪಾಯಿ ಹಣ್ಣಿಗೆ ಕ್ಯಾಲ್ಸಿಯಂ 20 ಮಿಲಿಗ್ರಾಂ, ರಂಜಕ 10. ಸರಿಯಾಗಿ ಎರಡಕ್ಕೆ ಒಂದು. ಯಾರೂ ಬಿತ್ತದೆ ಬಾವಿಕಟ್ಟೆಯ ಬದಿಯಲ್ಲಿ ಹುಟ್ಟಿ, ವರ್ಷವಿಡೀ ಕಾಯಿ ಬಿಟ್ಟು, ಕೊನೆಗೆ ಕಾಗೆ ಪಾಲಾಗುವ ಹಣ್ಣು ಗ್ಲೈಡರ್ ಸಾಕುವವರಿಗೆ ಬಂಗಾರ. ಚೆನ್ನಾಗಿ ಹಣ್ಣಾದದ್ದೇ ಬೇಕು, ಹಾಲು ಸುರಿಯುವ ಕಾಯಿ ಬೇಡ. ಬೀಜ ತೆಗೆಯಿರಿ.

ಅಂಜೂರವೂ ಒಳ್ಳೆಯದು, ಹಸಿ ಹಣ್ಣಿನಲ್ಲಿ ಕ್ಯಾಲ್ಸಿಯಂ 35ಕ್ಕೆ ರಂಜಕ 14. ಕಿತ್ತಳೆ 40ಕ್ಕೆ 14, ಲೆಕ್ಕದಲ್ಲಿ ಇನ್ನೂ ಮುಂದೆ, ಆದರೆ ಹುಳಿ ಹಣ್ಣು ಮಿಶ್ರಣದ ಜೊತೆ ಸೇರಿ ಕೆಲವಕ್ಕೆ ಹೊಟ್ಟೆ ಕೆಡಿಸುತ್ತದೆ, ಹಾಗಾಗಿ ಒಂದೊಂದು ಎಸಳು, ಅಪರೂಪಕ್ಕೆ, ಮಿಶ್ರಣ ಇಟ್ಟ ತಟ್ಟೆಯಲ್ಲಿ ಅಲ್ಲದೆ ಬೇರೆಯಾಗಿ. ಅನನಾಸು 13ಕ್ಕೆ 8, ಚಿಕ್ಕು 21ಕ್ಕೆ 12. ಚಿಕ್ಕುವಿನಲ್ಲಿ ಲೆಕ್ಕ ಚೆನ್ನಾಗಿ ಉಂಟು, ಸಕ್ಕರೆ ಮಾತ್ರ ಜಾಸ್ತಿ, ಬೀಜದ ತುದಿಯಲ್ಲಿ ಕೊಕ್ಕೆ ಬೇರೆ. ಬೀಜ ತೆಗೆದು ಬೆರಳ ತುದಿಯಷ್ಟು ಕೊಡಿ.

ಇನ್ನು ಹಲಸು. ಮೇ ತಿಂಗಳು ಬಂದರೆ ನಮ್ಮ ಮನೆಗಳಲ್ಲಿ ಹಲಸು ಬಿಟ್ಟು ಬೇರೆ ಮಾತಿಲ್ಲ. ಬಕ್ಕೆಯ ತೊಳೆಯಲ್ಲಿ ಕ್ಯಾಲ್ಸಿಯಂ ರಂಜಕ ಹೆಚ್ಚುಕಮ್ಮಿ ಸಮ, 24ಕ್ಕೆ 21. ಕೆಟ್ಟದ್ದಲ್ಲ, ಒಳ್ಳೆಯದೂ ಅಲ್ಲ. ಮೇಣ ತಾಗದ ಹಾಗೆ ತೊಳೆ ಬಿಡಿಸಿ, ಸಣ್ಣ ತುಂಡು ಮಾಡಿ ವಾರಕ್ಕೊಮ್ಮೆ ಕೊಡಬಹುದು. ತುಳುವ ಹಲಸು ಬೇಡ ಅಂತ ನನ್ನ ಲೆಕ್ಕ. ಅದರ ಲೋಳೆ ಗ್ಲೈಡರ್‌ನ ಮೈ ರೋಮಕ್ಕೆಲ್ಲ ಅಂಟಿಕೊಂಡು ಇರುವೆ ಕರೆಯುತ್ತದೆ. ಮಾವು 11ಕ್ಕೆ 14, ಸೊನೆ ತೊಳೆದು, ಸಿಪ್ಪೆ ತೆಗೆದು, ಒಂದು ಚೂರು.

ಬಾಳೆಹಣ್ಣು 5ಕ್ಕೆ 22. ತಲೆಕೆಳಗು. ನೇಂದ್ರವೋ ಕದಳಿಯೋ ಅನ್ನುವುದರಲ್ಲಿ ಈ ಲೆಕ್ಕ ಸರಿಹೋಗುವುದಿಲ್ಲ. ಔಷಧಿ ಕುಡಿಸಬೇಕಾದಾಗ, ಹೊಸ ಮರಿಯನ್ನು ಕೈಗೆ ರೂಢಿ ಮಾಡಿಸುವಾಗ, ಉಗುರಿನಷ್ಟು ಬಾಳೆಹಣ್ಣು ಉಪಯೋಗಕ್ಕೆ ಬರುತ್ತದೆ. ದಿನದ ಊಟಕ್ಕೆ ಬೇಡ. ಪೇರಳೆ 18ಕ್ಕೆ 40, ದಾಳಿಂಬೆ 10ಕ್ಕೆ 36, ಸೇಬು, ಕಲ್ಲಂಗಡಿ ಕೂಡ ರಂಜಕದ ಕಡೆಗೇ ವಾಲುತ್ತದೆ. ಇವನ್ನು ಕೊಟ್ಟರೆ ಸಾಯುವುದಿಲ್ಲ, ಆದರೆ ತಟ್ಟೆಯಲ್ಲಿ ಪಪ್ಪಾಯಿಯೂ ಇರಲಿ, ಇವು ಅದಕ್ಕಿಂತ ಕಡಿಮೆ ಇರಲಿ. ಸೇಬಿನ ಬೀಜ ಮಾತ್ರ ಒಂದೂ ಹೋಗಬಾರದು.

ತರಕಾರಿಯಲ್ಲಿ ಮೊದಲು ಬೈಯಬೇಕಾದ್ದು ಜೋಳಕ್ಕೆ. ಫ್ರೀಜರ್ ಪ್ಯಾಕೆಟ್ಟಿನ ಸ್ವೀಟ್ ಕಾರ್ನ್ ಗ್ಲೈಡರ್‌ಗಳಿಗೆ ಹುಚ್ಚು. ಅದರ ಲೆಕ್ಕ 2ಕ್ಕೆ 89. ಓದಿ ನೋಡಿ, ಪ್ರಿಂಟ್ ತಪ್ಪಲ್ಲ. ಅದೇ ಫ್ರೀಜರಿನ ಹಸಿ ಬಟಾಣಿ 25ಕ್ಕೆ 108. ಫ್ರೋಜನ್ ಮಿಕ್ಸ್ ವೆಜಿಟೇಬಲ್ ತಂದು ಸುರಿದುಬಿಟ್ಟರೆ ಆಯಿತು ಅನ್ನುವವರು ಆ ಪ್ಯಾಕೆಟ್ಟಿನಿಂದ ಕ್ಯಾರೆಟ್ ಮತ್ತು ಬೀನ್ಸ್ ಮಾತ್ರ ಆರಿಸಿಕೊಳ್ಳಿ.

ಕ್ಯಾರೆಟ್ 33ಕ್ಕೆ 35, ಬೀನ್ಸ್ 37ಕ್ಕೆ 38, ಎರಡೂ ಸಮತೂಕ, ಧೈರ್ಯವಾಗಿ ಕೊಡಬಹುದು. ಅಲಸಂಡೆ ಎಳೆಯದಿದ್ದರೆ ಸಣ್ಣಗೆ ಹೆಚ್ಚಿ, ಒಂದು ಕುದಿ ಬರಿಸಿ, ಆಗಾಗ ಸ್ವಲ್ಪ ಕೊಡಿ. ಬೆಂಡೆ 82ಕ್ಕೆ 61, ಚೆನ್ನಾಗಿದೆ, ಲೋಳೆ ಅಂತ ಮೂಗು ಮುರಿಯುವುದು ನಾವು, ಗ್ಲೈಡರ್ ಅಲ್ಲ. ಎಲೆಕೋಸು 40ಕ್ಕೆ 26, ಆದರೆ ಗ್ಯಾಸ್ ಮಾಡುತ್ತದೆ, ಒಂದು ಚಿಟಿಕೆ ಸಾಕು. ಚೀನಿಕಾಯಿ 21ಕ್ಕೆ 44, ಸಿಹಿಗೆಣಸು 30ಕ್ಕೆ 47, ಇವು ಬೇಯಿಸಿ ಸ್ವಲ್ಪ ಸ್ವಲ್ಪ. ಮುಳ್ಳುಸೌತೆಯಲ್ಲಿ ನೀರು ಬಿಟ್ಟರೆ ಹೆಚ್ಚೇನಿಲ್ಲ, ಬೇಸಿಗೆಯಲ್ಲಿ ಅದೂ ಒಂದು ಉಪಕಾರವೇ. ಕೊತ್ತಂಬರಿ ಸೊಪ್ಪು 67ಕ್ಕೆ 48, ನಾಲ್ಕು ಎಲೆ ಕತ್ತರಿಸಿ ಉದುರಿಸಿ. ನುಗ್ಗೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟು ಉಂಟು, ಎಳೆ ಎಲೆ ನಾಲ್ಕೈದು ಸಾಕು.

ಸೊಪ್ಪು ಅಂದ ಕೂಡಲೇ ಹರಿವೆ, ಬಸಳೆ ನೆನಪಾಗುತ್ತದೆ. ಪಟ್ಟಿಯಲ್ಲಿ ಹರಿವೆಯ ಕ್ಯಾಲ್ಸಿಯಂ ನೋಡಿದರೆ ಯಾರಿಗೂ ಆಸೆಯಾಗಬೇಕು. ಆದರೆ ಹರಿವೆ, ಬಸಳೆ, ಪಾಲಕ್, ಕೆಸು ಇವೆಲ್ಲದರಲ್ಲಿ ಆಕ್ಸಲೇಟ್ ಅನ್ನುವ ಅಂಶ ಉಂಟು. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಹೊಟ್ಟೆಯಿಂದ ಹಾಗೆಯೇ ಹೊರಗೆ ಸಾಗಿಸುತ್ತದೆ. ಪಟ್ಟಿಯಲ್ಲಿ ಕ್ಯಾಲ್ಸಿಯಂ ಇದ್ದರೂ ಪ್ರಾಣಿಗೆ ಸಿಗುವುದಿಲ್ಲ. ದಾರೆಹುಳಿ ಮತ್ತು ಬಿಂಬುಳಿಗೂ ಇದೇ ಮಾತು, ಅವುಗಳಲ್ಲಿ ಆಕ್ಸಾಲಿಕ್ ಆಮ್ಲ ಇನ್ನೂ ಜೋರು. ಅವೆರಡನ್ನು ಪೂರ್ತಿ ಬಿಡಿ.

ಈ ಅಂಕಿಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ತಳಿ, ಮಣ್ಣು ನೋಡಿ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ ಬೇರೆ. ಹಣ್ಣಿನ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಪ್ಪಾಯಿ, ತರಕಾರಿ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಯಾರೆಟ್, ಬೀನ್ಸ್, ಬೆಂಡೆ. ಉಳಿದ ಅರ್ಧದಲ್ಲಿ ಆ ವಾರ ಸಂತೆಯಲ್ಲಿ ಏನು ಸಿಕ್ಕಿತೋ ಅದು. ಇಷ್ಟು ನೆನಪಿದ್ದರೆ ದೊಡ್ಡ ತಪ್ಪು ಆಗುವುದಿಲ್ಲ.

ಕ್ಯಾಲ್ಸಿಯಂ ಪುಡಿ ಬೇಕಾ ಅಂತ ಕೇಳುತ್ತಾರೆ. ನಿಮ್ಮ ಮಿಶ್ರಣದಲ್ಲೇ ಖನಿಜದ ಪುಡಿ ಇದ್ದರೆ ಮೇಲಿಂದ ಮತ್ತೆ ಸುರಿಯಬೇಡಿ. ಇಲ್ಲದಿದ್ದರೆ ರಂಜಕ ಇಲ್ಲದ ಕ್ಯಾಲ್ಸಿಯಂ ಪುಡಿಯನ್ನು ವೈದ್ಯರು ಹೇಳಿದ ಅಳತೆಯಲ್ಲಿ ಹಣ್ಣಿನ ಮೇಲೆ ಚಿಮುಕಿಸಬಹುದು. ಅಜ್ಜಿಯ ಮಾತ್ರೆ ಡಬ್ಬದಿಂದ ಒಂದು ತೆಗೆದು ಕುಟ್ಟಿ ಹಾಕುವ ಕೆಲಸ ಮಾತ್ರ ಬೇಡ. ಅವುಗಳಲ್ಲಿ ವಿಟಮಿನ್ ಡಿ3 ಮನುಷ್ಯರ ಅಳತೆಯಲ್ಲಿರುತ್ತದೆ, 100 ಗ್ರಾಂ ಪ್ರಾಣಿಗೆ ಅದು ವಿಷವಾಗಬಹುದು.

ತಟ್ಟೆ ಹತ್ತಿರ ಸುಳಿಯಬಾರದ್ದು

ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಚಾಕಲೇಟು, ಕಾಫಿ, ಚಹಾ, ಸಕ್ಕರೆ ಬದಲು ಹಾಕುವ ಕೃತಕ ಸಿಹಿ. ಕಣಿಲೆಯೂ ಬೇಡ. ಉಪ್ಪು, ಮೆಣಸು, ಎಣ್ಣೆ ಬಿದ್ದ ಅಡುಗೆ ಯಾವುದೂ ಬೇಡ, ಚಿಪ್ಸಂತೂ ಬೇಡವೇ ಬೇಡ. ಗಲ್ಫಿನಿಂದ ಬಂದ ಖರ್ಜೂರ, ಬಾದಾಮಿ ಪ್ರತಿ ಮನೆಯಲ್ಲೂ ಇರುತ್ತದೆ, ನೆಂಟರ ಮಕ್ಕಳು ಗೂಡಿನ ಸರಳಿನ ಸಂದಿಯಿಂದ ತೂರಿಸುವುದೂ ಅದನ್ನೇ. ಖರ್ಜೂರ ಪೂರ್ತಿ ಸಕ್ಕರೆ, ಹಲ್ಲಿಗೆ ಅಂಟಿಕೊಂಡು ಕೂರುತ್ತದೆ. ಬಾದಾಮಿಯಲ್ಲಿ ಕೊಬ್ಬು ಜಾಸ್ತಿ, ಕ್ಯಾಲ್ಸಿಯಂಗಿಂತ ರಂಜಕವೂ ಜಾಸ್ತಿ. ಹಬ್ಬದ ದಿನ ಗೂಡನ್ನು ಒಳಗಿನ ಕೋಣೆಗೆ ಸಾಗಿಸುವುದೇ ಸುಲಭ, ಮಕ್ಕಳಿಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ ಮಾರಾಯ್ರೆ.

ಗೂಡಿಗೆ ಕೊಂಬೆ ಕಟ್ಟುವವರು ಗೇರು ಮರದ ಕೊಂಬೆ ಕಟ್ಟಬೇಡಿ. ಗ್ಲೈಡರ್ ತೊಗಟೆ ಕಡಿಯುವ ಪ್ರಾಣಿ, ಗೇರಿನ ರಸ ಬಾಯಿ ಸುಡುತ್ತದೆ. ಬೇಲಿಗೆ ನೆಡುವ ಗ್ಲಿರಿಸೀಡಿಯಾ, ಅಂಗಳದ ಕಣಗಿಲೆ ಇವೂ ವಿಷ.

ಮೊಟ್ಟೆ, ಹುಳ, ಮತ್ತೆ ಸಸ್ಯಾಹಾರಿ ಮನೆಯ ಕಷ್ಟ

ಇದು ನಮ್ಮ ಕಡೆ ನಿಜವಾಗಿ ಬರುವ ಪ್ರಶ್ನೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಎಷ್ಟೋ ಮನೆಗಳಲ್ಲಿ ಅಡುಗೆ ಕೋಣೆಗೆ ಮೊಟ್ಟೆ ಬರುವುದಿಲ್ಲ. ಆದರೆ ಗ್ಲೈಡರ್‌ಗೆ ಪ್ರೋಟೀನ್ ಬೇಕೇ ಬೇಕು, ಅದು ಹಣ್ಣು ತರಕಾರಿಯಿಂದ ಬರುವುದಿಲ್ಲ. ಪನೀರ್, ಹಾಲು ಕೊಟ್ಟರೆ ಆಗದಾ ಅಂತ ಕೇಳಿದರೆ, ಹಾಲಿನ ಸಕ್ಕರೆ ಕರಗಿಸಿಕೊಳ್ಳುವುದು ಅದಕ್ಕೆ ಕಷ್ಟ, ಭೇದಿಯಾಗುತ್ತದೆ. ಕಡಲೆ, ಹೆಸರು ಇಂಥ ಬೇಳೆಗಳಲ್ಲಿ ರಂಜಕದ್ದೇ ಕಾರುಬಾರು.

ದಾರಿ ಇಲ್ಲ ಅಂತಲ್ಲ. ಹೊರಗಿನ ಚಾವಡಿಯಲ್ಲಿ ಒಂದು ಸಣ್ಣ ಸ್ಟೌ, ಒಂದು ಬೇರೆ ಪಾತ್ರೆ, ಬೇರೆ ಮಿಕ್ಸಿ ಜಾರು ಇಟ್ಟುಕೊಂಡು ಅಲ್ಲೇ ಬೇಯಿಸಿ ಅಲ್ಲೇ ತೊಳೆದಿಡಬಹುದು. ಅಥವಾ ಪೇಟೆಯ ಗೆಳೆಯರ ಮನೆಯಲ್ಲಿ ತಿಂಗಳ ಮಿಶ್ರಣ ಮಾಡಿಸಿ ಫ್ರೀಜ್ ಮಾಡಿ ತರಬಹುದು. ಅದೂ ಆಗದು, ಹುಳ ಕಂಡರೆ ಅಮ್ಮ ಮನೆಗೆ ಸೇರಿಸುವುದಿಲ್ಲ ಅನ್ನುವ ಪರಿಸ್ಥಿತಿ ಇದ್ದರೆ ಗ್ಲೈಡರ್ ತರಬೇಡಿ. ಪ್ರಾಣಿಯನ್ನು ಸಸ್ಯಾಹಾರಿ ಮಾಡಲು ಹೊರಟರೆ ಪೆಟ್ಟು ಬೀಳುವುದು ಪ್ರಾಣಿಗೆ. ಮೊಲ ತನ್ನಿ, ಅದು ಹುಲ್ಲು ತಿಂದುಕೊಂಡು ಸುಖವಾಗಿರುತ್ತದೆ.

ಮೊಟ್ಟೆ ತಿನ್ನುವ ಮನೆಯಾದರೆ ಸುಲಭ. ಬೇಯಿಸಿದ ಮೊಟ್ಟೆಯ ಒಂದು ಚಮಚದಷ್ಟು ಪುಡಿ, ಅಥವಾ ಉಪ್ಪು ಹಾಕದೆ ಬೇಯಿಸಿದ ಕೋಳಿಯ ಎರಡು ಎಳೆ. ಮೀಲ್‌ವರ್ಮ್ ಅನ್ನುವ ಹುಳ ಅಂಗಡಿಯಲ್ಲಿ, ಆನ್‌ಲೈನಲ್ಲಿ ಸಿಗುತ್ತದೆ. ಅದರಲ್ಲಿ ಕೊಬ್ಬು ಮತ್ತು ರಂಜಕ ಜಾಸ್ತಿ, ದಿನಕ್ಕೆ ನಾಲ್ಕೈದರ ಮೇಲೆ ಬೇಡ. ಕೊಡುವ ಮುಂಚಿನ ದಿನ ಆ ಹುಳಗಳಿಗೇ ಕ್ಯಾರೆಟ್, ನುಗ್ಗೆ ಸೊಪ್ಪು, ಸ್ವಲ್ಪ ಕ್ಯಾಲ್ಸಿಯಂ ಪುಡಿ ತಿನ್ನಿಸಿ. ಹುಳದ ಹೊಟ್ಟೆಯಲ್ಲಿರುವುದು ಗ್ಲೈಡರ್ ಹೊಟ್ಟೆಗೆ ಹೋಗುತ್ತದೆ.

ತೋಟದಲ್ಲಿ ಹಿಡಿದ ಮಿಡತೆ ಕೊಡಬೇಡಿ. ಕಾಸರಗೋಡಿನವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಾ? ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಸುರಿದ ಎಂಡೋಸಲ್ಫಾನ್ ಏನು ಮಾಡಿತು ಅಂತ ನೋಡಿದ ಊರು ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು, ನಿಜ, ಆದರೆ ಬೇರೆ ಮದ್ದುಗಳು ಇವತ್ತಿಗೂ ತೋಟದಲ್ಲಿ ಹೊಡೆಯುತ್ತಾರೆ. ಮದ್ದು ತಾಗಿದ ಒಂದು ಹುಳ ನಮಗೆ ಲೆಕ್ಕಕ್ಕಿಲ್ಲ, 100 ಗ್ರಾಂ ಪ್ರಾಣಿಗೆ ಅದು ದೊಡ್ಡ ಡೋಸು.

ಹಣ್ಣು ಎಲ್ಲಿಂದ ಕೊಯ್ಯಬೇಕು, ಹೇಗೆ ತೊಳೆಯಬೇಕು

ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗಕ್ಕೆ ಬೋರ್ಡೋ ಬಿಡುತ್ತಾರೆ. ಮೈಲುತುತ್ತು ಮತ್ತು ಸುಣ್ಣದ ಆ ನೀಲಿ ದ್ರಾವಣ ಕೆಳಗಿರುವ ಪಪ್ಪಾಯಿ, ನುಗ್ಗೆ, ಬಾಳೆ ಎಲ್ಲದರ ಮೇಲೂ ಬೀಳುತ್ತದೆ. ಮೈಲುತುತ್ತು ಅಂದರೆ ತಾಮ್ರ, ಸಣ್ಣ ಪ್ರಾಣಿಗೆ ಒಳ್ಳೆಯದಲ್ಲ. ಅಡಿಕೆ ಸಾಲಿನೊಳಗಿನ ಗಿಡದಿಂದ ಆ ದಿನಗಳಲ್ಲಿ ಏನೂ ಕೊಯ್ಯಬೇಡಿ. ಮನೆ ಹಿಂದೆ, ಮದ್ದು ಬೀಳದ ಜಾಗದಲ್ಲಿ ಒಂದು ಪಪ್ಪಾಯಿ ಗಿಡ ಬೆಳೆಸಿಕೊಳ್ಳಿ, ಅದಕ್ಕೆಂತ ಕಷ್ಟ.

ಬಾವಲಿ ಕಚ್ಚಿದ ಹಣ್ಣು ಕೊಡಬೇಡಿ. 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಬಂದ ಮೇಲೆ ಕೇರಳದಲ್ಲಿ ಎಲ್ಲರಿಗೂ ಇದು ಗೊತ್ತು. ಆದರೂ ಅರ್ಧ ತಿಂದ ಪೇರಳೆಯ ಒಳ್ಳೆಯ ಬದಿ ಕತ್ತರಿಸಿ ಪ್ರಾಣಿಗೆ ಹಾಕುವವರಿದ್ದಾರೆ. ಕೆಳಗೆ ಬಿದ್ದದ್ದು, ಹಲ್ಲಿನ ಗುರುತಿರುವುದು, ಹಕ್ಕಿ ಕುಟುಕಿದ್ದು ಯಾವುದೂ ಬೇಡ. ಅದನ್ನು ಮುಟ್ಟಿ ಕತ್ತರಿಸುವುದು ನೀವು ಅಲ್ವಾ, ನಿಮ್ಮ ಕೈಗೂ ಅದು ಒಳ್ಳೆಯದಲ್ಲ.

ಸಂತೆಯ ತರಕಾರಿಯನ್ನು ನಮ್ಮ ಮನೆಗಳಲ್ಲಿ ಮಾಡುವ ಹಾಗೆ ಹುಣಸೆ ನೀರಿನಲ್ಲೋ ವಿನೆಗರ್ ನೀರಿನಲ್ಲೋ ಸ್ವಲ್ಪ ಹೊತ್ತು ನೆನೆಸಿ, ಮತ್ತೆ ಒಳ್ಳೆಯ ನೀರಿನಲ್ಲಿ ಎರಡು ಸಲ ತೊಳೆಯಿರಿ. ಕ್ಯಾರೆಟ್, ಸೌತೆಯ ಸಿಪ್ಪೆ ತೆಗೆದುಬಿಡಿ. ಕುಡಿಯಲು ಬಾವಿ ನೀರು ಕುದಿಸಿ ತಣಿಸಿದ್ದು, ದಿನಾ ಹೊಸದು.

ಕತ್ತರಿಸಿ, ಫ್ರೀಜರಿಗೆ ಹಾಕಿ

ದಿನಾ ಸಂಜೆ ಆರು ಬಗೆ ಹೆಚ್ಚುತ್ತಾ ಕೂರುವುದು ಯಾರಿಗೂ ಆಗುವುದಿಲ್ಲ. ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡರೆ ವಾರದ್ದು ಮುಗಿಯುತ್ತದೆ. ಪಪ್ಪಾಯಿಯನ್ನು ಕಡಲೆ ಗಾತ್ರದ ತುಂಡು ಮಾಡಿ, ಕ್ಯಾರೆಟ್ ತುರಿದು, ಬೀನ್ಸ್ ಮತ್ತು ಚೀನಿಕಾಯಿಯನ್ನು ಅರೆ ಬೇಯಿಸಿ, ಬೆಂಡೆಯನ್ನು ಹಸಿಯಾಗಿಯೇ ತೆಳ್ಳಗೆ ಹೆಚ್ಚಿ, ಎಲ್ಲ ಒಟ್ಟಿಗೆ ಕಲಸಿಬಿಡಿ. ಚೆನ್ನಾಗಿ ಕಲಸಬೇಕು. ಇಲ್ಲದಿದ್ದರೆ ಸಿಹಿಯದ್ದನ್ನು ಮಾತ್ರ ಆರಿಸಿ ತಿಂದು ಬೆಂಡೆಯನ್ನು ಗೂಡಿನ ಗೋಡೆಗೆ ಎಸೆಯುತ್ತದೆ, ಇದರಲ್ಲಿ ಅದು ಮನೆಯ ಮಕ್ಕಳಿಗಿಂತ ಏನೂ ಕಡಿಮೆಯಿಲ್ಲ. ಐಸ್ ಟ್ರೇಯಲ್ಲಿ ತುಂಬಿ ಫ್ರೀಜ್ ಮಾಡಿ, ಗಟ್ಟಿಯಾದ ಮೇಲೆ ಡಬ್ಬಕ್ಕೆ ಹಾಕಿಡಿ. ಲೆಡ್‌ಬೀಟರ್ಸ್ ಮಿಶ್ರಣವನ್ನೂ ಹೀಗೆಯೇ. ಫ್ರಿಜ್ಜಿನ ಕೆಳಗಿನ ಅಂಕಣದಲ್ಲಾದರೆ ಮೂರು ದಿನದ ಮೇಲೆ ಇಡಬೇಡಿ. ಜೂನ್, ಜುಲೈಯಲ್ಲಿ ಮರ ಬಿದ್ದು ಕರೆಂಟು ಹೋಗಿ, ಕರಗಿ, ಮತ್ತೆ ಗಟ್ಟಿಯಾದದ್ದನ್ನು ಎಸೆಯಿರಿ. ಎಸೆಯಲು ಹೊಟ್ಟೆ ಉರಿಯುತ್ತದೆ ಅಂದರೆ ಮಳೆಗಾಲದಲ್ಲಿ ಎರಡು ಮೂರು ದಿನಕ್ಕೆ ಆಗುವಷ್ಟೇ ಮಾಡಿ.

ಇಡುವ ಹೊತ್ತು ದೀಪ ಹಚ್ಚುವ ಹೊತ್ತು ಕಳೆದ ಮೇಲೆ, ಅವು ಎದ್ದು ಮೈ ಮುರಿಯುವಾಗ. ಹೆಪ್ಪುಗಟ್ಟಿದ ತುಂಡನ್ನು ಅರ್ಧ ಕರಗಿಸಿ ಇಟ್ಟರೆ ರಾತ್ರಿ ಬೇಗ ಹುಳಿ ಬರುವುದಿಲ್ಲ. ನಮ್ಮ ಸೆಕೆಗೆ ಇದು ಮುಖ್ಯ, ಏಪ್ರಿಲ್‌ನಲ್ಲಿ ಹೊರಗಿಟ್ಟ ಪಪ್ಪಾಯಿ ನಾಲ್ಕು ಗಂಟೆಯಲ್ಲಿ ವಾಸನೆ ಬರುತ್ತದೆ. ಬೆಳಗ್ಗೆ ಎದ್ದ ಕೂಡಲೇ ಉಳಿದದ್ದನ್ನು ತೆಗೆದು ತಟ್ಟೆ ತೊಳೆಯಿರಿ. ತಟ್ಟೆಯ ಸುತ್ತ ಒಣ ಉಂಡೆಗಳ ಹಾಗೆ ಏನೋ ಬಿದ್ದಿರುತ್ತದೆ, ಹೆದರಬೇಡಿ. ಗ್ಲೈಡರ್ ಹಣ್ಣನ್ನು ಜಗಿದು ರಸ ಕುಡಿದು ಚರಟ ಉಗುಳುತ್ತದೆ. ಊಟ ಬೇಡ ಅಂದದ್ದಲ್ಲ ಅದು.

ಇರುವೆ ನಮ್ಮ ಕಡೆ ದೊಡ್ಡ ಶತ್ರು. ಗೂಡಿನ ನಾಲ್ಕು ಕಾಲನ್ನೂ ನೀರು ತುಂಬಿದ ಗಿಣ್ಣಲಿನಲ್ಲಿ ಇಡಿ, ಗೂಡು ಗೋಡೆಗೆ ತಾಗಬಾರದು. ಇರುವೆ ಪುಡಿ, ಲಕ್ಷ್ಮಣ ರೇಖೆಯಂಥ ಚಾಕ್ ಗೂಡಿನ ಹತ್ತಿರವೂ ಬೇಡ.

ಊಟ ಬದಲಿಸುವಾಗ

ಈಗಾಗಲೇ ಬಾಳೆಹಣ್ಣಿನಲ್ಲಿ ಬೆಳೆದ ಗ್ಲೈಡರ್ ಮನೆಯಲ್ಲಿದ್ದರೆ ನಾಳೆಯಿಂದಲೇ ಎಲ್ಲ ಬದಲಿಸಲು ಹೋಗಬೇಡಿ. ಹಟ ಹಿಡಿದು ಉಪವಾಸ ಕೂರುತ್ತದೆ, ಅಷ್ಟು ಸಣ್ಣ ಪ್ರಾಣಿಗೆ ಒಂದು ರಾತ್ರಿಯ ಉಪವಾಸವೂ ದೊಡ್ಡದೇ. ಹಳೆಯದರಲ್ಲಿ ಕಾಲು ಪಾಲು ಹೊಸದು, ಕೆಲವು ದಿನ ಬಿಟ್ಟು ಅರ್ಧ, ಮತ್ತೆ ಮುಕ್ಕಾಲು, ಹೀಗೆ ಎರಡು ಮೂರು ವಾರದಲ್ಲಿ ಬದಲಿಸಿ. ಹೊಸ ಮಿಶ್ರಣದ ಮೇಲೆ ಒಂದು ತೊಟ್ಟು ಜೇನು ಸವರಿದರೆ ಕೆಲಸ ಸುಲಭ.

ವಾರಕ್ಕೊಮ್ಮೆ ತೂಕ ನೋಡಿ. ಒಂದು ಗ್ರಾಂ ತೋರಿಸುವ ಅಡುಗೆ ತಕ್ಕಡಿ ಸಾಕು, ಚೀಲದಲ್ಲಿ ಮಲಗಿರುವಾಗ ಚೀಲ ಸಮೇತ ಇಟ್ಟು, ಮತ್ತೆ ಚೀಲದ ತೂಕ ಕಳೆಯಿರಿ. ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ತೂಕ ಒಂದೇ ಸಮನೆ ಏರುತ್ತಿದ್ದರೆ ಹಣ್ಣು, ಹುಳ ಕಡಿಮೆ ಮಾಡಿ. 100 ಗ್ರಾಂ ಪ್ರಾಣಿ ಹತ್ತು ಗ್ರಾಂ ಇಳಿದರೆ ಅದರ ತೂಕದ ಹತ್ತನೇ ಒಂದು ಪಾಲು ಹೋಯಿತು ಅಂತ ಅರ್ಥ, ಕಾಯಬೇಡಿ. ಹಿಂಗಾಲು ಎಳೆಯುವುದು, ಹಾರಲು ಹಿಂಜರಿಯುವುದು, ಕೈ ನಡುಗುವುದು, ಕಣ್ಣು ಒಳಗೆ ಹೋಗುವುದು, ಬೆನ್ನಿನ ಚರ್ಮ ಚಿವುಟಿ ಬಿಟ್ಟರೆ ಹಾಗೆಯೇ ನಿಲ್ಲುವುದು, ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ವೈದ್ಯರ ಹತ್ತಿರ. ನಮ್ಮ ಮೃಗಾಸ್ಪತ್ರೆಗಳಲ್ಲಿ ದನ, ಆಡು, ಕೋಳಿಯದ್ದೇ ಹೆಚ್ಚು ಕೆಲಸ, ಹಾಗಾಗಿ ಇಂಥ ಪ್ರಾಣಿ ನೋಡುವ ವೈದ್ಯರು ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಯಾರಿದ್ದಾರೆ ಅಂತ ಪ್ರಾಣಿ ಆರೋಗ್ಯವಾಗಿರುವಾಗಲೇ ಕೇಳಿಟ್ಟುಕೊಳ್ಳಿ. ಹೋಗುವಾಗ ಹಿಂದಿನ ವಾರ ಏನೇನು ತಿನ್ನಿಸಿದಿರಿ ಅನ್ನುವ ಪಟ್ಟಿ ಮತ್ತು ಮಿಶ್ರಣದ ಡಬ್ಬದ ಫೋಟೋ ತೆಗೆದುಕೊಂಡು ಹೋಗಿ, ಅವರು ಮೊದಲು ಕೇಳುವುದೇ ಅದನ್ನು.

ಮದುವೆ, ಜಾತ್ರೆ ಅಂತ ಎರಡು ದಿನ ಮನೆ ಬಿಡಬೇಕಾದರೆ ಫ್ರೀಜರಿನಲ್ಲಿ ಒಂದೊಂದು ರಾತ್ರಿಯದ್ದು ಒಂದೊಂದು ಡಬ್ಬದಲ್ಲಿ ತುಂಬಿ, ಮೇಲೆ ವಾರದ ಹೆಸರು ಬರೆದು, ಕೀಲಿಕೈಯನ್ನು ಪಕ್ಕದ ಮನೆಯವರ ಹತ್ತಿರ ಕೊಟ್ಟು ಹೋಗಿ. ಡಬ್ಬ ತೆರೆದು ತಟ್ಟೆಗೆ ಹಾಕಿ, ನೀರು ಬದಲಿಸಿ, ಬೇರೆ ಏನೂ ಕೊಡಬೇಡಿ ಅಂತ ಹೇಳಿದರೆ ಸಾಕು.